ಕೋಸಿನ ಎಲೆ ಮಗುಚಿ ನೋಡದೆ ಎಣ್ಣಿ ಹೊಡೆಯಬೇಡಿ

ಪ್ರಶ್ನೆ: ಸರ್, ನಮಸ್ಕಾರ್ರೀ. ನಮ್ಮದು ಬಾಗಲಕೋಟಿ ನವನಗರ. ಮನಿ ಹಿಂದ ಹಿತ್ತಲದಾಗ ಒಂದಿಷ್ಟು ಜಾಗಾ ಐತ್ರಿ. ದೀಪಾವಳಿ ಮುಗದ ಮ್ಯಾಲೆ ಸಂತ್ಯಾಗಿಂದ ಅಗಿ ತಂದು ಕ್ಯಾಬೀಜ, ಹೂಕೋಸು, ನವಲಕೋಲ ಹಚ್ಚೇನಿ. ಬಾಜೂಕ ಒಂದು ಮಡಿ ಮೂಲಂಗಿನೂ ಹಾಕೇನಿ. ಈಗ ಕ್ಯಾಬೀಜಿನ ಎಲಿ ಜರಡಿ ಆಗ್ಯಾವು. ಐದಾರು ಗಿಡದಾಗ ನಡೂ ಸುಳಿ ಸತ್ತು ಬಾಜೂಕ ಸಣ್ಣ ಸಣ್ಣ ಚಿಗುರು ಒಡದಾವು, ಗಡ್ಡಿನ ಕಟ್ಟವಲ್ದು. ಮೂಲಂಗಿ ಎಲಿಗೆ ಕರೀ ಹುಳ ಬಿದ್ದಾವು. ಅಂಗಡಿ ಬೇವಿನೆಣ್ಣಿ ಎರಡು ಸಲ ಹೊಡದೆ, ಏನೂ ಆಗಲಿಲ್ಲ. ತಿಕೋಟಾದಾಗ ನಮ್ಮ ಮೈದುನರ ದ್ರಾಕ್ಷಿ ಪಡ ಐತಿ. ಅವ್ರು ಅಲ್ಲಿ ಉಳದ ಔಷಧದ ಎಣ್ಣಿ ನೀರಿನ ಬಾಟ್ಲಿದಾಗ ಹಾಕ್ಕೊಂಡು ಬಂದು ಹೋದ ವಾರ ಹೊಡದು ಹೋದ್ರು. ಹುಳ ಇನ್ನೂ ಅದಾವು. ಇದನ್ನ ತಿನ್ನಬಹುದಾ? ಕೋಸಿನ ಹುಳ ತಲಿಗೆ ಏರ್ತೈತಿ ಅಂತ ನಮ್ಮ ಅತ್ತಿಯವರು ಅಡಗಿಗೇ ಬ್ಯಾಡ ಅಂತಾರ. ಅದು ಖರೇನ? ಮುಂದಿನ ವರ್ಷ ಹಿಂಗಾಗಬಾರದು ಅಂದ್ರ ಏನ್ ಮಾಡ್ಲಿ?

ಉತ್ತರ: ಅಕ್ಕಾರ, ಹುಳದ ಮಾತು ಆಮೇಲೆ. ಮೊದಲು ಆ ಬಾಟಲಿಯ ವಿಚಾರ ಮುಗಿಸೋಣ.

ಮೈದುನರಿಗೆ ಇವತ್ತೇ ಫೋನ್ ಮಾಡಿ, ಯಾವ ಡಬ್ಬಿಯಿಂದ ಸುರಿದು ತಂದರು ಎಂದು ಕೇಳಿ, ಅದರ ಲೇಬಲ್ಲಿನ ಫೋಟೋ ತರಿಸಿಕೊಳ್ಳಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ ದ್ರಾಕ್ಷಿ ಪಡದಲ್ಲಿ ಹೊಡೆಯುವ ಔಷಧಗಳಲ್ಲಿ ಬಹಳಷ್ಟು ಬೂಜು ರೋಗಕ್ಕೆ, ಬೂದಿ ರೋಗಕ್ಕೆ. ಅವು ಶಿಲೀಂಧ್ರವನ್ನು ಕೊಲ್ಲುತ್ತವೆ, ಹುಳದ ಕೂದಲೂ ಕೊಂಕುವುದಿಲ್ಲ. ಗೊನೆ ಉದ್ದವಾಗಲಿ, ಕಾಳು ದಪ್ಪವಾಗಲಿ ಎಂದು ಹೊಡೆಯುವ ಜಿ.ಎ. ಅಂತೂ ಔಷಧವೇ ಅಲ್ಲ, ಅದು ಬೆಳವಣಿಗೆಯ ಹಾರ್ಮೋನು. ಹೊಡೆದರೂ ಹುಳ ಸಾಯಲಿಲ್ಲ ಎಂದು ನೀವು ಬರೆದಿರುವುದಕ್ಕೆ ಇದೇ ಕಾರಣವಿರಬಹುದು. ಒಂದು ವೇಳೆ ಅದು ಕೀಟನಾಶಕವೇ ಆಗಿದ್ದರೂ, ಲೇಬಲ್ ಮೇಲೆ ದ್ರಾಕ್ಷಿಗೆ ಬರೆದ ಕಾಯುವ ದಿನಗಳ ಲೆಕ್ಕ ಕೋಸಿಗೆ ಹೊಂದುವುದಿಲ್ಲ. ಗಿಡದ ರಸದೊಳಗೆ ಇಳಿಯುವ ಜಾತಿಯ ಔಷಧವಾದರೆ ಉಪ್ಪುನೀರಲ್ಲಿ ಎಷ್ಟು ತೊಳೆದರೂ ಹೋಗುವುದಿಲ್ಲ. ಹೆಸರು ಸಿಕ್ಕರೆ ತೋಟಗಾರಿಕೆ ಇಲಾಖೆಯವರಿಗೋ ವಿಶ್ವವಿದ್ಯಾಲಯದವರಿಗೋ ತೋರಿಸಿ ಕೇಳಿ. ಹೆಸರು ಸಿಗದಿದ್ದರೆ ಎಣ್ಣಿ ಬಿದ್ದ ಎಲೆ, ಗಡ್ಡೆ, ಮೂಲಂಗಿ ಯಾವುದನ್ನೂ ಮನೆಯವರು ತಿನ್ನಬೇಡಿ. ಎಮ್ಮೆ, ಆಡಿಗೂ ಹಾಕಬೇಡಿ. ಕೈಯಾರೆ ಬೆಳೆದದ್ದನ್ನು ಚೆಲ್ಲಲು ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಇದರಲ್ಲಿ ರಾಜಿ ಬೇಡ. ಇನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಣ್ಣಿ ತರುವುದು, ಇಡುವುದು ಎಂದೆಂದಿಗೂ ಬೇಡ. ಮಕ್ಕಳಿರುವ ಮನೆಯಲ್ಲಿ ಇದರಿಂದ ಜೀವವೇ ಹೋಗಬಹುದು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಕಾಯಿಪಲ್ಲೆಗೆ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬಳಸುವುದನ್ನು ಸರ್ಕಾರ 2005ರಲ್ಲೇ ನಿಷೇಧಿಸಿದೆ. ಡೈಕ್ಲೋರೊವಾಸ್ ಅನ್ನು 2020ರ ಕೊನೆಗೆ ಪೂರ್ತಿ ನಿಲ್ಲಿಸಿದೆ. ಹೊಲದ ಕೋಣೆಯ ಮೂಲೆಯಲ್ಲಿ ಹಳೇ ಡಬ್ಬಿ ಉಳಿದಿದೆ ಎಂದು ಯಾರಾದರೂ ತಂದುಕೊಟ್ಟರೆ ಹಿತ್ತಲಿಗೆ ಸೇರಿಸಬೇಡಿ.

ಈಗ ಹುಳಕ್ಕೆ ಬರೋಣ. ನಿಮ್ಮ ಪತ್ರ ಓದಿದರೆ ನಿಮ್ಮಲ್ಲಿ ಒಂದು ಹುಳ ಇಲ್ಲ, ಕಡಿಮೆಯೆಂದರೂ ಮೂರು ಬೇರೆ ಬೇರೆ ಹುಳ ಇವೆ. ಮೂರಕ್ಕೂ ಒಂದೇ ಎಣ್ಣಿ ಹೊಡೆಯುತ್ತಾ ಹೋದದ್ದರಿಂದಲೇ ಯಾವುದೂ ಬಗ್ಗಲಿಲ್ಲ. ಹಿತ್ತಲ ಕೋಸಿನ ಮಟ್ಟಿಗೆ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಪಂಪಿಗೆ ಕೈ ಹಾಕುವ ಮುಂಚೆ ಎಲೆ ಮಗುಚಿ ನೋಡಿ. ಕೋಸಿನ ಶತ್ರುಗಳೆಲ್ಲ ಬಹುಪಾಲು ಎಲೆಯ ಕೆಳಗೇ ಇರುತ್ತವೆ, ನಾವು ಹೊಡೆಯುವುದು ಮೇಲೆ.

ಎಲೆ ಜರಡಿ ಮಾಡಿದ್ದು ವಜ್ರಬೆನ್ನಿನ ಪತಂಗದ ಮರಿಹುಳ. ಬೆಳೆಗಾರರು ಡಿ.ಬಿ.ಎಂ. ಎಂದೇ ಕರೆಯುತ್ತಾರೆ. ನಾಳೆ ಬೆಳಿಗ್ಗೆ ಒಂದು ಎಲೆ ಮಗುಚಿ ನೋಡಿ. ತಿಳಿಹಸಿರು ಬಣ್ಣದ, ಒಂದು ಸೆಂಟಿಮೀಟರ್ ಆಸುಪಾಸಿನ ತೆಳ್ಳನೆ ಹುಳ ಕಾಣುತ್ತದೆ. ಎರಡೂ ತುದಿ ಚೂಪು, ನಡು ಮಾತ್ರ ದಪ್ಪ. ಬೆರಳ ತುದಿಯಿಂದ ಮುಟ್ಟಿದರೆ ಗಡಬಡಿಸಿ ಹಿಂದಕ್ಕೆ ಹೊರಳುತ್ತದೆ, ಇಲ್ಲವೇ ಒಂದು ಎಳೆ ನೂಲು ಬಿಟ್ಟು ಕೆಳಗೆ ಜೋತುಬೀಳುತ್ತದೆ. ಹೀಗೆ ಜೋತುಬಿದ್ದರೆ ಅನುಮಾನವೇ ಬೇಡ, ಅದೇ ಹುಳ. ಕೆಳಗಿನಿಂದ ಎಲೆಯನ್ನು ಕೆರೆದು ತಿಂದು ಮೇಲಿನ ತೆಳು ಪೊರೆಯನ್ನು ಹಾಗೇ ಬಿಡುತ್ತದೆ. ಬಿಸಿಲಿಗೆ ಹಿಡಿದರೆ ಆ ಜಾಗ ಪಾರದರ್ಶಕವಾಗಿ ಕಾಣುತ್ತದೆ. ಆ ಪೊರೆ ಒಣಗಿ ಉದುರಿದ ಮೇಲೆ ತೂತು. ಅಂದರೆ ನಿಮಗೆ ತೂತು ಕಾಣುವ ಹೊತ್ತಿಗೆ ತಿಂದ ಹುಳ ಆಗಲೇ ಎಲೆಯ ನರದ ಪಕ್ಕ ಬಿಳಿ ಜಾಳಿಗೆಯ ಗೂಡು ಕಟ್ಟಿ ಮಲಗಿರಬಹುದು. ಮೊಟ್ಟೆಯಿಂದ ಪತಂಗವಾಗಲು ನಮ್ಮ ಕಡೆಯ ಹವೆಯಲ್ಲಿ ಎರಡು-ಮೂರು ವಾರ ಸಾಕು. ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಎಳೆಯ ಮರಿ ಮೊದಮೊದಲು ಎಲೆಯ ಪದರದೊಳಗೇ ಸುರಂಗ ಕೊರೆದು ಇರುವುದರಿಂದ ಮೇಲೆ ಹೊಡೆದದ್ದು ಅದಕ್ಕೆ ತಾಗುವುದೇ ಇಲ್ಲ.

ಈ ಹುಳದ ಚರಿತ್ರೆ ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು. ಡಿ.ಡಿ.ಟಿ.ಗೂ ಜಗ್ಗದ ಬೆಳೆಯ ಹುಳ ಎಂದು ಜಗತ್ತಿನಲ್ಲಿ ಮೊದಲು ವರದಿಯಾದದ್ದು ಇದೇ, 1953ರಲ್ಲಿ, ಜಾವಾ ದ್ವೀಪದ ಕೋಸಿನ ಹೊಲಗಳಿಂದ. ಆಮೇಲೆ ಬಂದ ಔಷಧಗಳನ್ನೂ ಒಂದೊಂದಾಗಿ ಅರಗಿಸಿಕೊಂಡಿತು. ಬಿ.ಟಿ. ಎಂಬ ಜೈವಿಕ ಔಷಧಕ್ಕೂ ಹೊಲದಲ್ಲಿ ಮೊದಲು ಒಗ್ಗಿಕೊಂಡದ್ದು ಇದೇ ಹುಳ, 1990ರ ಹೊತ್ತಿಗೆ ಹವಾಯಿ ದ್ವೀಪಗಳಲ್ಲಿ. ಹೀಗಿರುವಾಗ 'ಜೋರಿಂದು ಒಂದು ಎಣ್ಣಿ ಕೊಡ್ರಿ' ಎಂದು ಅಂಗಡಿಯಲ್ಲಿ ಕೇಳಿದರೆ ಸಾಯುವುದು ಹುಳಕ್ಕಿಂತ ಮೊದಲು ಅದನ್ನು ತಿನ್ನುವ ಕೀಟಗಳು.

ಸುಳಿ ಸತ್ತು ಪಕ್ಕಕ್ಕೆ ಚಿಗುರಿದ ಗಿಡಗಳದ್ದು ಬೇರೆ ಕತೆ. ಅದು ಸುಳಿಕೊರಕ. ಅಗಿ ಹಚ್ಚಿದ ಮೊದಲ ಮೂರು-ನಾಲ್ಕು ವಾರದೊಳಗೆ ನಡುವಿನ ಎಳೆ ಎಲೆಗಳನ್ನು ನೂಲಿನಿಂದ ಬಿಗಿದು ಒಳಗೆ ಕೂತು ಸುಳಿಯನ್ನು ತಿಂದು ಮುಗಿಸುತ್ತದೆ. ಹುಳ ಮಾಸಲು ಬಣ್ಣದ್ದು, ಮೈಮೇಲೆ ಉದ್ದಕ್ಕೆ ಕಂದು ಗೆರೆ, ತಲೆ ಕರಿ. ಸುಳಿ ಸತ್ತ ಮೇಲೆ ಯಾವ ಔಷಧದಿಂದಲೂ ಆ ಗಿಡ ಒಂದು ದೊಡ್ಡ ಗಡ್ಡೆ ಕಟ್ಟುವುದಿಲ್ಲ. ಇದನ್ನು ತಡೆಯುವ ಕಾಲ ಅಗಿ ಎಳೆಯದಾಗಿರುವಾಗಲೇ. ಎರಡು ದಿನಕ್ಕೊಮ್ಮೆ ಸುಳಿ ಬಿಡಿಸಿ ನೋಡಬೇಕು. ಬಲೆ ಮತ್ತು ಹಿಕ್ಕೆ ಕಂಡರೆ ಕಡ್ಡಿಯಿಂದ ಹುಳ ತೆಗೆದು ಹಾಕಬೇಕು.

ಮೂಲಂಗಿಯ ಕರಿ ಹುಳ ನಿಜಕ್ಕೂ ಚಿಟ್ಟೆಯ ಜಾತಿಯದೇ ಅಲ್ಲ. ಸಾಸಿವೆ ಗರಗಸ ನೊಣ ಎನ್ನುತ್ತಾರೆ, ಕಣಜದ ಬಳಗದ್ದು. ಒಂದು ಹುಳ ಹಿಡಿದು ಕಾಲು ಎಣಿಸಿ. ಮುಂದಿನ ಮೂರು ಜೊತೆ ಗಟ್ಟಿ ಕಾಲು ಬಿಟ್ಟು, ಹೊಟ್ಟೆಯ ಕೆಳಗಿನ ಮೆತ್ತನೆ ಕಾಲುಗಳನ್ನು ಮಾತ್ರ. ಪತಂಗದ ಮರಿಹುಳಕ್ಕೆ ಅವು ಐದು ಜೊತೆಗಿಂತ ಹೆಚ್ಚಿರುವುದಿಲ್ಲ. ಇದಕ್ಕೆ ಎಂಟು ಜೊತೆ. ಮುಟ್ಟಿದ ಕೂಡಲೇ ಸುರುಳಿ ಸುತ್ತಿಕೊಂಡು ನೆಲಕ್ಕೆ ಬೀಳುತ್ತದೆ. ಕಾಲು ಎಣಿಸುವುದು ಹುಡುಗಾಟವಲ್ಲ, ಮರಿಹುಳಕ್ಕೆ ಹೊಡೆಯುವ ಬಿ.ಟಿ. ಈ ಹುಳದ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಬೆಳಿಗ್ಗೆ, ಸಂಜೆ ಮೇಯುತ್ತದೆ, ನಡುಹಗಲು ಅಡಗಿರುತ್ತದೆ. ಒಂದು ಅಗಲ ತಟ್ಟೆಯಲ್ಲಿ ಸಾಬೂನು ನೀರು ಹಿಡಿದು ಬೆಳಗಿನ ಹೊತ್ತು ಎಲೆ ಝಾಡಿಸಿದರೆ ಉದುರಿ ಅದರಲ್ಲೇ ಬೀಳುತ್ತವೆ. ಒಂದು ಮಡಿ ಮೂಲಂಗಿಗೆ ಇದಕ್ಕಿಂತ ಒಳ್ಳೆಯ ಔಷಧ ಇಲ್ಲ.

ಇನ್ನು ಬೇವಿನೆಣ್ಣೆ ಯಾಕೆ ಕೈಕೊಟ್ಟಿತು ಎಂಬುದು. ಕೋಸಿನ ಎಲೆಯ ಮೇಲೆ ಬೂದುಬಣ್ಣದ ಮೇಣದ ಲೇಪ ಇರುತ್ತದೆ. ನೀರು ಹನಿ ಹನಿಯಾಗಿ ಉರುಳಿ ಹೋಗುವುದನ್ನು ನೀವು ನೋಡಿರುತ್ತೀರಿ. ಸಾಬೂನು ಕೂಡಿಸದೆ ಹೊಡೆದರೆ ಔಷಧವೂ ಹಾಗೇ ಉರುಳಿ ಮಣ್ಣಿಗೆ ಹೋಗುತ್ತದೆ. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ, ಆದ್ದರಿಂದ ಸಂಜೆಯೇ ಹೊಡೆಯಬೇಕು. ಮತ್ತೆ ಬೇವು ತಟ್ಟನೆ ಕೊಲ್ಲುವ ವಿಷವಲ್ಲ. ಹುಳ ಬಾಯಿ ಹಾಕದಂತೆ, ಪೊರೆ ಕಳಚಿ ಬೆಳೆಯದಂತೆ ಮಾಡುತ್ತದೆ. ಹೊಡೆದ ಮರುದಿನ ಹುಳ ಓಡಾಡುತ್ತಿದೆ ಎಂದು ಸೋತೆವು ಅಂದುಕೊಳ್ಳಬಾರದು. ಹೊಸ ಎಲೆಗೆ ತೂತು ಬೀಳುತ್ತಿದೆಯೇ ಎಂದು ನಾಲ್ಕೈದು ದಿನ ಬಿಟ್ಟು ನೋಡಿ. ಅಂಗಡಿಯ ಬೇವಿನೆಣ್ಣೆಯಾದರೆ ಲೀಟರ್ ನೀರಿಗೆ 5 ಎಂ.ಎಲ್. ಎಣ್ಣೆಯನ್ನು ಮೊದಲು ಸ್ವಲ್ಪ ದ್ರವ ಸಾಬೂನಿನಲ್ಲಿ ಕಲಸಿ, ಹಾಲಿನಂತಾದ ಮೇಲೆ ನೀರಿಗೆ ಬಿಡಬೇಕು. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ನಳಿಕೆಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಎಲೆಯ ಅಡಿಭಾಗ ತೋಯಿಸಿ.

ಎಣ್ಣೆಗಿಂತ ಬೇವಿನ ಬೀಜದ ಕಷಾಯ ನನಗೆ ಹೆಚ್ಚು ನಂಬಿಕೆಯದು. ಬಾಗಲಕೋಟೆ, ವಿಜಯಪುರದವರಿಗೆ ಇದು ಪುಕ್ಕಟೆ ಔಷಧ. ಎಲ್ಲಿ ನೋಡಿದರೂ ಬೇವಿನ ಮರ, ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಅಡಿಯೆಲ್ಲ ಹಣ್ಣು. ಮಾಗಿ ಬಿದ್ದ ಹಣ್ಣನ್ನು ಆರಿಸಿ, ತಿರುಳು ತೊಳೆದು, ಬೀಜವನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ ಗೋಣಿಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿದು ಕೆಡುತ್ತದೆ. ಚಳಿಗಾಲಕ್ಕೆ ಕೋಸು ಹಚ್ಚುವಾಗ ಆ ಬೀಜ ಸರಿಯಾದ ಹದದಲ್ಲಿರುತ್ತದೆ, ವರ್ಷ ದಾಟಿದರೆ ಸತ್ವ ಇಳಿಯುತ್ತದೆ. ಸಿಪ್ಪೆ ಒಡೆದು ಒಳಗಿನ ತಿರುಳು ತೆಗೆದು ತರಿತರಿಯಾಗಿ ಕುಟ್ಟಿ. ಒಂದು ಲೀಟರ್ ನೀರಿಗೆ 50 ಗ್ರಾಂ ಲೆಕ್ಕ, ಐದು ಲೀಟರಿಗೆ ಕಾಲು ಕಿಲೋ. ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಮರುದಿನ ಗಂಟನ್ನು ಹಿಂಡಿ ಹಿಂಡಿ ಬಿಳಿ ನೀರು ಬರುವಷ್ಟೂ ತೆಗೆಯಿರಿ. ಚೆನ್ನಾಗಿ ಸೋಸದಿದ್ದರೆ ಪಂಪಿನ ಬಾಯಿ ಕಟ್ಟುತ್ತದೆ. ಸ್ವಲ್ಪ ಸಾಬೂನು ಕೂಡಿಸಿ ಅದೇ ಸಂಜೆ ಹೊಡೆದು ಮುಗಿಸಿ, ನಾಳೆಗೆ ಉಳಿಸಬೇಡಿ. ಇಷ್ಟು ಕೆಲಸ ಆಗದು ಎನ್ನುವವರಿಗೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸಾಬೂನು, ಹೊಂಗೆ ಸಾಬೂನು ಎಂದು ರೂಪಿಸಿದೆ. ನೀರಲ್ಲಿ ಕರಗಿಸಿದರಾಯಿತು, ಪ್ರಮಾಣ ಪೊಟ್ಟಣದ ಮೇಲೆ ಇರುತ್ತದೆ.

ಹುಳ ಕೈಮೀರಿದಾಗ ಮಾತ್ರ ಬಿ.ಟಿ. ಪುಡಿ. ಇದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯ. 2002ರಿಂದ ನಮ್ಮ ಹೊಲಗಳಿಗೆ ಬಂದ ಬಿ.ಟಿ. ಹತ್ತಿಯೊಳಗೆ ಇಟ್ಟಿರುವುದೂ ಇದರದೇ ಗುಣ. ಹತ್ತಿಯಲ್ಲಿ ಅದು ಬೀಜದಲ್ಲೇ ಬರುತ್ತದೆ, ಇಲ್ಲಿ ನಾವು ಎಲೆಯ ಮೇಲೆ ಹೊಡೆಯುತ್ತೇವೆ, ಅಷ್ಟೇ ವ್ಯತ್ಯಾಸ. ಹುಳ ಅದನ್ನು ತಿಂದರೆ ಮಾತ್ರ ಸಾಯುತ್ತದೆ. ಕೆಲವೇ ತಾಸಿನಲ್ಲಿ ಮೇಯುವುದು ನಿಂತು, ಎರಡು-ಮೂರು ದಿನಕ್ಕೆ ಕಪ್ಪಾಗಿ ಜೋಲುತ್ತದೆ. ಲೀಟರಿಗೆ ಒಂದು-ಎರಡು ಗ್ರಾಂ, ಬಿಸಿಲಿಳಿದ ಮೇಲೆ, ಸಾಬೂನಿನ ಜೊತೆ. ಸಣ್ಣ ಹುಳಕ್ಕೆ ಚೆನ್ನಾಗಿ ಹತ್ತುತ್ತದೆ, ಬಲಿತದ್ದಕ್ಕೆ ಅಷ್ಟಕ್ಕಷ್ಟೇ. ಇದನ್ನೇ ಪದೇ ಪದೇ ಹೊಡೆಯದೆ ಒಂದು ಸಲ ಇದು, ಮುಂದಿನ ಸಲ ಬೇವು ಎಂದು ಬದಲಿಸುತ್ತಿರಿ. ಅಕ್ಕಪಕ್ಕ ಯಾರಾದರೂ ರೇಷ್ಮೆ ಹುಳ ಸಾಕುತ್ತಿದ್ದರೆ, ಹಿಪ್ಪುನೇರಳೆ ಇದ್ದರೆ, ಆ ಕಡೆ ಇದನ್ನು ಒಯ್ಯಲೇಬೇಡಿ. ರೇಷ್ಮೆ ಹುಳವೂ ಮರಿಹುಳವೇ.

ಮುಂದಿನ ವರ್ಷದ ಮಾತಿಗೆ ಬಂದರೆ, ಪಂಪು ಹೊರತೆಗೆಯದೆಯೇ ಮುಕ್ಕಾಲು ಪಾಲು ಕೆಲಸ ಮುಗಿಸಬಹುದು.

ಮೊದಲನೆಯದು ಹಚ್ಚುವ ಕಾಲ. ನೀವು ದೀಪಾವಳಿ ಕಳೆದು ಹಚ್ಚಿದಿರಿ. ಬೆಳಗಾವಿಯ ತಂಪಿನಲ್ಲಿ ಅದು ನಡೆಯುತ್ತದೆ, ಬಾಗಲಕೋಟೆಯಲ್ಲಿ ತಡವಾಯಿತು. ನಮ್ಮ ಕಡೆ ಚಳಿ ಇರುವುದೇ ಸಂಕ್ರಮಣದ ಆಚೀಚೆ. ಆಮೇಲೆ ಬಿಸಿಲು ಏರಿದಂತೆ ಡಿ.ಬಿ.ಎಂ. ತಲೆಮಾರುಗಳು ಒಂದರ ಮೇಲೊಂದು ಬರುತ್ತವೆ. ಹಸ್ತಾ-ಚಿತ್ತಿ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವೆ, ನಾಲ್ಕೈದು ವಾರದ ಅಗಿ ಹಚ್ಚಿದರೆ ಬೇಗ ಬರುವ ತಳಿಗಳು ಸಂಕ್ರಮಣದ ಮುಂಚೆಯೇ ಗಡ್ಡೆ ಕೊಡುತ್ತವೆ. ಸಂತೆಯ ಅಗಿ ಕೊಳ್ಳುವಾಗಲೂ ಎಲೆ ಮಗುಚಿ ನೋಡಿ. ಹುಳ ನಿಮ್ಮ ಮನೆಗೆ ಬರುವುದು ಬಹಳ ಸಲ ಆ ಕಟ್ಟಿನ ಜೊತೆಗೇ.

ಎರಡನೆಯದು ಜಾಳಿಗೆ. ಹಿತ್ತಲ ಕೋಸಿಗೆ ನನ್ನ ಕೇಳಿದರೆ ಇದೊಂದೇ ಸಾಕು ಎಂದೇನು. ಟೊಮೆಟೊ, ಬದನೆಯ ಹಾಗೆ ಇದರಲ್ಲಿ ಕಾಯಿ ಕಟ್ಟಲು ಹೂವು ಬಿಡುವ ಮಾತಿಲ್ಲ. ನಾವು ತಿನ್ನುವುದು ಎಲೆ, ಮೊಗ್ಗು, ದಪ್ಪ ಕಾಂಡ. ಹಾಗಾಗಿ ಗಿಡವನ್ನು ಮೊದಲ ದಿನದಿಂದ ಕಡೆಯ ದಿನದವರೆಗೆ ಮುಚ್ಚಿಟ್ಟರೂ ಬೆಳೆಗೆ ನಷ್ಟವಿಲ್ಲ. ಅಂಗಡಿಯಲ್ಲಿ 40 ಮೆಶ್‌ನ, ಅಂದರೆ ಇಂಚಿಗೆ 40 ಕಣ್ಣಿನ, ಕೀಟ ಜಾಳಿಗೆ ಎಂದು ಕೇಳಿ. ಹಸಿರು ಶೇಡ್ ನೆಟ್ ಕೊಟ್ಟು ಕಳಿಸುತ್ತಾರೆ, ಅದು ನೆರಳಿಗೆ, ಹುಳಕ್ಕಲ್ಲ. ಮನೆಯಲ್ಲಿ ಹಳೇ ಸೊಳ್ಳೆ ಪರದೆ ಇದ್ದರೆ ಅದೂ ಪತಂಗವನ್ನು ಬಹುಮಟ್ಟಿಗೆ ತಡೆಯುತ್ತದೆ. ಬಿದಿರಿನ ಸೀಳನ್ನೋ ಅರ್ಧ ಇಂಚಿನ ಪೈಪನ್ನೋ ಕಮಾನಿನಂತೆ ಬಗ್ಗಿಸಿ ಮಡಿಯ ಮೇಲೆ ನೆಟ್ಟು, ಬಲಿತ ಗಿಡದ ಎಲೆಗೂ ತಾಗದಷ್ಟು ಎತ್ತರಕ್ಕೆ ಜಾಳಿಗೆ ಹಾಸಿ. ಎಲೆ ತಾಗಿದರೆ ಪತಂಗ ಹೊರಗೆ ಕೂತೇ ಮೊಟ್ಟೆ ಇಟ್ಟುಹೋಗುತ್ತದೆ. ಅಂಚನ್ನು ನಾಲ್ಕೂ ಕಡೆ ಮಣ್ಣಿನಲ್ಲಿ ಹೂಳಬೇಕು. ಎರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಅಂಚು ಎದ್ದು ನಿಲ್ಲುತ್ತದೆ, ಆಗ ಇನ್ನೊಮ್ಮೆ ಮಣ್ಣು ಎಳೆಯಿರಿ. ಹುಳ ಬಿದ್ದ ಮೇಲೆ ಜಾಳಿಗೆ ಹಾಕುವುದು ಹುಳಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಅಗಿ ಹಚ್ಚಿದ ದಿನವೇ, ಪ್ರತಿ ಅಗಿಯನ್ನೂ ನೋಡಿಯೇ ಹಾಕಬೇಕು.

ಜಾಳಿಗೆಯದೂ ಒಂದು ಕೊರತೆ ಇದೆ. ಗಿಡದ ರಸ ಹೀರುವ ಹೇನು ಬಲು ಸಣ್ಣದು, ಹೇಗೋ ಒಳಗೆ ಸೇರುತ್ತದೆ. ಅದನ್ನು ತಿನ್ನುವ ಗುಲಗಂಜಿ ಹುಳ ಹೊರಗೇ ಉಳಿಯುತ್ತದೆ. ಕೋಸಿನ ಹೇನಿಗೆ ಮೈಮೇಲೆ ಬೂದಿ ಬಳಿದಂತಹ ಮೇಣ ಇರುತ್ತದೆ, ಸುಳಿಯಲ್ಲಿ, ಎಲೆಯ ಮಡಿಕೆಯಲ್ಲಿ ಗುಂಪುಗಟ್ಟುತ್ತದೆ. ವಾರಕ್ಕೊಮ್ಮೆ ಜಾಳಿಗೆ ಎತ್ತಿ ನೋಡಿ. ಗುಂಪು ಸಣ್ಣದಿದ್ದಾಗ ಹೆಬ್ಬೆರಳಿನಿಂದ ಉಜ್ಜಿಬಿಟ್ಟರೆ ಮುಗಿಯಿತು. ಹೆಚ್ಚಿದ್ದರೆ ಪೈಪಿನ ನೀರನ್ನು ರಭಸದಿಂದ ಬಿಡಿ, ಆಮೇಲೆ ಸಾಬೂನು ನೀರು. ಹೇನಿನ ಅಂಟು ಸಿಹಿಗೆ ಇರುವೆ ಸಾಲುಗಟ್ಟಿದ್ದರೆ ಇರುವೆಯ ಗೂಡು ಹುಡುಕಿ ಕೆಡಿಸಿ, ಹೇನಿಗೆ ಕಾವಲು ನಿಲ್ಲುವುದು ಅವೇ. ಯೂರಿಯಾ ಕೈತುಂಬ ಹಾಕಿದ ಗಿಡಕ್ಕೆ ಹೇನು ಮೊದಲು ಬರುತ್ತದೆ ಎಂಬುದನ್ನೂ ನೆನಪಿಡಿ. ಕೊಳೆತ ತಿಪ್ಪೆಗೊಬ್ಬರ ಹಾಕಿದ ಹಿತ್ತಲಿಗೆ ಯೂರಿಯಾದ ಅಗತ್ಯ ಅಷ್ಟಾಗಿ ಇಲ್ಲ. ಸಂಜೆ ಹೊತ್ತು ಮೇಲಿನಿಂದ ನೀರು ಚಿಮುಕಿಸುವುದರಿಂದ ಡಿ.ಬಿ.ಎಂ. ಮರಿಗಳೂ ಕೊಚ್ಚಿಹೋಗುತ್ತವೆ, ಪತಂಗಗಳ ಓಡಾಟಕ್ಕೂ ಅಡ್ಡಿ. ಆದರೆ ಎಲೆಯ ಅಂಚಿನಿಂದ ಒಳಮುಖವಾಗಿ ಇಂಗ್ಲಿಷ್ ವಿ ಆಕಾರದ ಹಳದಿ ಮಚ್ಚೆ ಕಂಡರೆ ಮೇಲಿನ ನೀರು ನಿಲ್ಲಿಸಿ. ಅದು ಕಪ್ಪು ಕೊಳೆ ರೋಗ, ನೀರಿನ ಹನಿಯ ಜೊತೆ ಹರಡುತ್ತದೆ.

ಜಾಳಿಗೆ ಬೇಡ ಎನ್ನುವವರಿಗೆ ಸಾಸಿವೆಯ ಉಪಾಯ ಇದೆ. ಹೆಸರಘಟ್ಟದ ಸಂಸ್ಥೆಯವರೇ ಇದನ್ನು ಪರೀಕ್ಷಿಸಿ ರೈತರಿಗೆ ಕೊಟ್ಟದ್ದು: 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಒಂದನ್ನು ಅಗಿ ಹಚ್ಚುವ 15 ದಿನ ಮುಂಚೆ, ಇನ್ನೊಂದನ್ನು ಹಚ್ಚಿದ 25 ದಿನಕ್ಕೆ ಬಿತ್ತುವುದು. ಪತಂಗಕ್ಕೆ ಕೋಸಿಗಿಂತ ಸಾಸಿವೆಯ ವಾಸನೆ ಮೇಲು, ಅಲ್ಲೇ ಮೊಟ್ಟೆ ಇಡುತ್ತದೆ. ಹಿತ್ತಲಿಗೆ 25 ಸಾಲಿನ ಲೆಕ್ಕ ಬೇಕಿಲ್ಲ, ಮಡಿಯ ಸುತ್ತ ಅಡುಗೆಮನೆಯ ಸಾಸಿವೆಯನ್ನೇ ಹಾಕಿ. ಆದರೆ ಹಾಕಿ ಸುಮ್ಮನಾದರೆ ಕೆಟ್ಟಿರಿ. ಸಾಸಿವೆಗೆ ಹತ್ತಿದ ಹುಳಕ್ಕೆ ಬೇವಿನ ಕಷಾಯ ಹೊಡೆಯಬೇಕು, ಇಲ್ಲವೇ ಗಿಡ ಕಿತ್ತು ಹೂಳಬೇಕು. ಹಾಗೆ ಬಿಟ್ಟ ಸಾಸಿವೆ ಹುಳ ಸಾಕುವ ಸಾಲಾಗುತ್ತದೆ. ವಿಜಯಪುರ, ಇಂಡಿ ಕಡೆಯ ಒಣ ಹವೆಯಲ್ಲಿ ಸಾಸಿವೆ, ಮೂಲಂಗಿ ಎರಡಕ್ಕೂ ಕರಿ ಮೈಮೇಲೆ ಕಿತ್ತಳೆ ಚುಕ್ಕೆಯ ಸಣ್ಣ ತಿಗಣೆ ಮುತ್ತುತ್ತದೆ. ಎಳೆ ಸಸಿಯ ರಸ ಹೀರಿ ಬೆಳ್ಳಗೆ ಮಾಡುತ್ತದೆ. ಅದು ಮಣ್ಣಿನಲ್ಲೇ ಮೊಟ್ಟೆ ಇಡುವುದರಿಂದ ಸಾಲಿನ ಮಣ್ಣು ಕೆದಕಿ ನೀರು ಕೊಡುತ್ತಿದ್ದರೆ ಕಡಿಮೆಯಾಗುತ್ತದೆ. ಬೆಳಗಾವಿ, ಖಾನಾಪುರದವರಿಗೆ ಬೇರೆ ತಲೆನೋವು, ಮಳೆ ಹಿಡಿದಾಗ ಬಸವನಹುಳ. ರಾತ್ರಿ ಒದ್ದೆ ಗೋಣಿಚೀಲ ಹಾಸಿಟ್ಟು ಬೆಳಿಗ್ಗೆ ಅದರ ಕೆಳಗೆ ಸೇರಿದವನ್ನು ಇಕ್ಕಳದಿಂದ ಆರಿಸಿ ಉಪ್ಪುನೀರಿಗೆ ಹಾಕಿ.

ಬೆಳಗಾವಿ ಜಿಲ್ಲೆಯ ಸೋಯಾ ಬೆಳೆಯುವ ಊರುಗಳವರು ಇನ್ನೊಂದನ್ನು ಗಮನಿಸಬೇಕು. ಸೋಯಾ ತಿನ್ನುವ ತಂಬಾಕು ಹುಳ ಕೋಸನ್ನೂ ತಿನ್ನುತ್ತದೆ. ಹೊಲದ ಸೋಯಾ ಕೊಯ್ದ ಮೇಲೆ ಅದರ ಪತಂಗ ಹಸಿರು ಹುಡುಕುತ್ತಾ ಹಿತ್ತಲಿಗೆ ಬರುತ್ತದೆ. ಎಲೆಯಡಿ ಕಂದು ರೋಮ ಮುಚ್ಚಿದ ಮೊಟ್ಟೆಯ ಗುಂಪು ಕಂಡರೆ ಎಲೆಯ ಆ ತುಂಡನ್ನೇ ಹರಿದು ಹಾಕಿ. ಒಂದು ತುಂಡಿನಲ್ಲಿ ನೂರಾರು ಹುಳ ಹೋದವು. ಬಲಿತ ಹುಳ ಹಗಲು ಮಣ್ಣಿನ ಬಿರುಕಿನಲ್ಲಿ ಅಡಗಿರುತ್ತದೆ, ರಾತ್ರಿ ಬ್ಯಾಟರಿ ಹಿಡಿದು ಹೋದವರಿಗಷ್ಟೇ ಸಿಗುತ್ತದೆ.

ನಿಪ್ಪಾಣಿ ಕಡೆಯಿಂದ ತಂಬಾಕು ಸುಲಭವಾಗಿ ಸಿಗುತ್ತದೆಂದು ಕೆಲವರು ಅದರ ಕಷಾಯ ಮಾಡಿ ಹೊಡೆಯುತ್ತಾರೆ. ಹುಳ ಸಾಯುವುದು ಹೌದು, ನಿಕೋಟಿನ್ ಕಡು ವಿಷ. ಹೊಡೆಯುವವರ ಚರ್ಮದಿಂದಲೂ ಮೈಗೆ ಇಳಿಯುತ್ತದೆ. ನಾಳೆ ಪಲ್ಯ ಮಾಡುವ ಎಲೆಗೆ ಅದು ಬೇಡವೇ ಬೇಡ. ಮನೆಯದು ಎಂದ ಮಾತ್ರಕ್ಕೆ ಎಲ್ಲವೂ ನಿರುಪದ್ರವಿಯಲ್ಲ. ಒಲೆಯ ಬೂದಿಯನ್ನು ಜರಡಿ ಹಿಡಿದು ಮಂಜಿನ ಮೇಲೆ ಉದುರಿಸುವುದು ಎಳೆ ಮೂಲಂಗಿಗೆ, ಎಲೆಗೆ ಸೂಜಿತೂತು ಮಾಡುವ ಹಾರು ದುಂಬಿಗೆ ಸ್ವಲ್ಪ ಉಪಯೋಗ. ದಿನಾ ಸುರಿಯಬೇಡಿ, ನಮ್ಮ ಮಣ್ಣು ಮೊದಲೇ ಕ್ಷಾರ. ಚೆಂಡುಹೂ ಹಚ್ಚಿದರೆ ಕೋಸಿಗೆ ಹುಳ ಬರದು ಎಂಬುದನ್ನು ನಾನು ಒಪ್ಪುವುದಿಲ್ಲ. ಚೆಂಡುಹೂ ಟೊಮೆಟೊ ಕಾಯಿಕೊರಕಕ್ಕೆ, ಬೇರಿನ ಜಂತುಹುಳಕ್ಕೆ ಕೆಲಸ ಮಾಡುತ್ತದೆ, ಡಿ.ಬಿ.ಎಂ. ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದರ ಬದಲು ಮಡಿಯ ಅಂಚಿಗೆ ಕೊತ್ತಂಬರಿ ಹಾಕಿ ಒಂದಷ್ಟನ್ನು ಹೂವಿಗೆ ಬಿಡಿ. ಹುಳ, ಹೇನು ತಿನ್ನುವ ಕೀಟಗಳು ಆ ಹೂವಿಗೆ ಬರುತ್ತವೆ. ಡಿ.ಬಿ.ಎಂ. ಹುಳದ ಪಕ್ಕ ಅಕ್ಕಿಕಾಳಿಗಿಂತ ಸಣ್ಣ ಬಿಳಿ ರೇಷ್ಮೆಗೂಡು ಕಂಡರೆ, ಉಬ್ಬಿ ಕಂದು ಬಣ್ಣಕ್ಕೆ ತಿರುಗಿ ಎಲೆಗೆ ಅಂಟಿಕೊಂಡ ಹೇನು ಕಂಡರೆ, ಅವನ್ನು ಉಜ್ಜಬೇಡಿ. ಅದು ಪರಜೀವಿ ಕಣಜದ ಕೆಲಸ. ಇನ್ನು ಮೊಬೈಲಿನಲ್ಲಿ ಹೊರದೇಶದವರು ಬಿಳಿ ಚಿಟ್ಟೆ ತೋರಿಸಿ ಹೆದರಿಸುತ್ತಾರಲ್ಲ, ನಮ್ಮ ಹಿತ್ತಲುಗಳಲ್ಲಿ ಹಾರುವ ಬಿಳಿ-ಹಳದಿ ಚಿಟ್ಟೆಗಳಲ್ಲಿ ಬಹಳಷ್ಟು ಕಕ್ಕೆ, ತಗಚೆಯಂಥ ಗಿಡಗಳಿಗೆ ಮೊಟ್ಟೆ ಇಡುವಂಥವು. ಅವುಗಳ ಹಿಂದೆ ಓಡಬೇಡಿ.

ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಆರೋಪಿ ತಪ್ಪು. ಕೋಸಿನ ಹಸಿರು ಹುಳ ಮನುಷ್ಯನ ಹೊಟ್ಟೆಯಲ್ಲಿ ಬದುಕುವುದಿಲ್ಲ, ಮಿದುಳಿಗೆ ಏರುವ ಪ್ರಶ್ನೆಯೇ ಇಲ್ಲ. ಬೆಂದರೆ ಅದೂ ಬೇಯುತ್ತದೆ. ಮಿದುಳಿಗೆ ಹೋಗಿ ಮೂರ್ಛೆ ತರುವುದು ಹಂದಿ ಲಾಡಿಹುಳದ ಮೊಟ್ಟೆಯೊಡೆದು ಬರುವ ಮರಿ. ಅದರ ಮೊಟ್ಟೆ, ಆ ಹುಳ ಹೊಟ್ಟೆಯಲ್ಲಿರುವ ಮನುಷ್ಯರ ಮಲದಿಂದ ಮಣ್ಣು, ನೀರು ಸೇರಿ, ಯಾವ ಕಾಯಿಪಲ್ಲೆಗೆ ಬೇಕಾದರೂ ಅಂಟಿಕೊಂಡು ಬರಬಹುದು. ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಚರಂಡಿ ನೀರು ಹಾಯಿಸಿದ ತೋಟದ ಪಲ್ಲೆಯ ಬಗ್ಗೆ ಹೆದರಿಕೆ ಸರಿ, ನಿಮ್ಮ ನಳದ ನೀರಿನ ಹಿತ್ತಲಿನ ಬಗ್ಗೆ ಅಷ್ಟು ಬೇಡ. ರೊಟ್ಟಿ ಜೊತೆ ಹಸಿ ಮೂಲಂಗಿ, ಅದರ ಎಳೆ ಎಲೆ ತಿನ್ನುವವರು ನಾವು. ಹಸಿ ತಿನ್ನುವುದನ್ನು ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ತೊಳೆಯಿರಿ. ಹೂಕೋಸನ್ನು ತುಂಡು ಮಾಡಿ ಉಗುರುಬೆಚ್ಚಗಿನ ಉಪ್ಪು-ಅರಿಶಿನದ ನೀರಿನಲ್ಲಿ ಕಾಲು ತಾಸು ಇಟ್ಟರೆ ಅಡಗಿದ ಹುಳಗಳು ತಾವೇ ತೇಲುತ್ತವೆ.

ಕಡೆಗೆ, ಈಗ ನಿಂತಿರುವ ಗಿಡಗಳಿಗೆ ಏನು ಮಾಡಬೇಕು. ಮೈದುನರ ಡಬ್ಬಿಯ ಹೆಸರು ಸಿಕ್ಕು, ತಿನ್ನಲು ಅಡ್ಡಿಯಿಲ್ಲ ಎಂದು ತಿಳಿದವರು ಹೇಳಿದರೆ ಮಾತ್ರ ಮುಂದಿನ ಕೆಲಸ. ತೀರಾ ತೂತಾದ ಕೆಳಗಿನ ಎಲೆಗಳನ್ನು ಮುರಿದು ಹೂಳಿ. ಸುಳಿ ಸತ್ತ ಗಿಡಗಳಲ್ಲಿ ಗಟ್ಟಿಯಾದ ಒಂದು ಚಿಗುರು ಉಳಿಸಿ ಉಳಿದವನ್ನು ಚಿವುಟಿ, ಸಣ್ಣದಾದರೂ ಒಂದು ಗಡ್ಡೆ ಬಂದೀತು. ಹೂಕೋಸಿನಲ್ಲಿ ಆ ಆಸೆ ಬೇಡ, ಕಿತ್ತುಬಿಡಿ. ಕ್ಯಾಬೀಜಿಗೆ ಈ ವಾರ ಒಂದು ಸಂಜೆ ಬಿ.ಟಿ., ಏಳೆಂಟು ದಿನ ಬಿಟ್ಟು ಬೇವು. ನವಲಕೋಲದ ಎಲೆ ತುಸು ತೂತಾದರೂ ಗಡ್ಡೆಗೆ ತೊಂದರೆಯಿಲ್ಲ, ಅದನ್ನು ಎಳೆಯದಾಗಿರುವಾಗಲೇ ಕೊಯ್ದು ಬಳಸಿ. ಹುಳ ಯಾವುದೆಂದು ಇನ್ನೂ ಅನುಮಾನವಿದ್ದರೆ ಹುಳ ಸಹಿತ ಒಂದು ಎಲೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಉದ್ಯಾನಗಿರಿಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಹೋಗಿ, ನಿಮ್ಮ ನವನಗರದಲ್ಲೇ ಇದೆ. ಬೆಳಗಾವಿ ಜಿಲ್ಲೆಯವರಿಗೆ ಅರಭಾವಿಯ ತೋಟಗಾರಿಕೆ ಕಾಲೇಜು ಇದೆ. ಗಡ್ಡೆ ಕೊಯ್ದ ಮೇಲೆ ಬುಡವನ್ನು ಮತ್ತೆ ಚಿಗುರಲಿ ಎಂದು ಬಿಡಬೇಡಿ, ಬೇಸಿಗೆಯಿಡೀ ಹುಳವೂ ಹೇನೂ ಅದರ ಮೇಲೆಯೇ ದಿನ ತಳ್ಳುತ್ತವೆ. ಬೇರು ಸಹಿತ ಕಿತ್ತು, ಆ ಮಡಿಗೆ ಮುಂದೆ ಮೆಂತ್ಯೆಯೋ ಉಳ್ಳಾಗಡ್ಡಿಯೋ ಹಾಕಿ. ಕೋಸು, ಮೂಲಂಗಿ, ಸಾಸಿವೆ ಮೂರನ್ನೂ ಮುಂದಿನ ವರ್ಷ ಬೇರೆ ಮಡಿಯಲ್ಲಿ ಹಚ್ಚಿ.